ಸೊಪ್ಪಿನ ಮಡಿ ಮತ್ತು ಲೆಕ್ಕದ ಪುಸ್ತಕ: ಶಾಲೆಯಲ್ಲಿ ಬೇಸಾಯ ಕಲಿಸೋದು ಹೇಗೆ?

ನಾನು ಓದಿದ ಹೈಸ್ಕೂಲಿನಲ್ಲಿ ಒಂದು ಕೈತೋಟ ಇತ್ತು. ವಾರಕ್ಕೊಂದು ಪಿರಿಯಡ್, ಹೆಸರು ಕಾರ್ಯಾನುಭವ. ಎಂಟನೇ ಕ್ಲಾಸಿನಲ್ಲಿದ್ದಾಗ ಜನವರಿ ಕೊನೆಗೆ ಟೊಮೇಟೊ ಸಸಿ ನೆಟ್ಟೆವು. ನೆಟ್ಟ ದಿನ ಮೇಷ್ಟ್ರು ಫೋಟೊ ತೆಗೆದರು, ನೋಟಿಸ್ ಬೋರ್ಡಿಗೂ ಹಾಕಿದರು. ಮಾರ್ಚಿನಲ್ಲಿ ಹೂ ಬಂತು. ಏಪ್ರಿಲ್‌ನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತು. ಎಲ್ಲರೂ ಮನೆಗೆ ಹೋದೆವು. ಜೂನಿನಲ್ಲಿ ಬಂದು ನೋಡಿದರೆ ಅಲ್ಲಿ ಒಣಗಿದ ಕಡ್ಡಿ, ಆಸರೆಗೆ ನೆಟ್ಟ ಕೋಲು, ಅಷ್ಟೇ. ಆದರೆ ಆ ವರ್ಷ ಕಾರ್ಯಾನುಭವಕ್ಕೆ ಎಲ್ಲರಿಗೂ ಪೂರ್ತಿ ಮಾರ್ಕ್ಸ್ ಬಂದಿತ್ತು!

ಅರ್ಧ ಕ್ಲಾಸು ರೈತರ ಮಕ್ಕಳೇ. ನಮ್ಮ ಹೊಲದಲ್ಲಿ ಟೊಮೇಟೊ ಒಣಗಿದ್ದರೆ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಶಾಲೆಯ ಟೊಮೇಟೊ ಒಣಗಿದ್ದಕ್ಕೆ ಮಾತ್ರ ಯಾರಿಗೂ ಏನೂ ಅನ್ನಿಸಲಿಲ್ಲ. ಯಾಕೆ? ಆ ಗಿಡ ಯಾರದ್ದೂ ಅಲ್ಲ. ಸಸಿಗೆ ಎಷ್ಟು ಕೊಟ್ಟರು ಅಂತ ನಮಗೆ ಗೊತ್ತಿಲ್ಲ. ಹಣ್ಣಾಗಿದ್ದರೆ ಯಾರಿಗೆ ಮಾರಬೇಕಿತ್ತು ಅಂತಲೂ ಯೋಚಿಸಿರಲಿಲ್ಲ.

ಈಗ ರಾಷ್ಟ್ರೀಯ ಶಿಕ್ಷಣ ನೀತಿ 2020 ಬಂದಿದೆ. 6ರಿಂದ 8ನೇ ತರಗತಿ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದೆ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯುವ ಅವಕಾಶ ಕೊಡಬೇಕು ಅನ್ನುತ್ತದೆ ಅದು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಬೇಕು ಅಂತ ಕೇಂದ್ರದ ಮಾರ್ಗಸೂಚಿ 2019ರಲ್ಲೇ ಬಂದಿದೆ. ಬೇಸಾಯದ ಜೊತೆಗೆ ಉದ್ಯಮಶೀಲತೆಯನ್ನೂ ಕಲಿಸಬೇಕು ಅನ್ನೋ ಮಾತು ಎಲ್ಲ ಕಡೆ ಕೇಳ್ತಾ ಇದೆ. ಒಳ್ಳೆಯದೇ. ಆದರೆ ಗುದ್ದಲಿ ಕೈಗೆ ಕೊಟ್ಟ ಮಾತ್ರಕ್ಕೆ ಬೇಸಾಯ ಬರೋದಿಲ್ಲ, ಸ್ಟಾಲ್ ಹಾಕಿಸಿದ ಮಾತ್ರಕ್ಕೆ ಉದ್ಯಮ ಬರೋದಿಲ್ಲ. ಇವೆರಡನ್ನೂ ಸೇರಿಸೋದು ಒಂದು ಸಣ್ಣ ನೋಟ್‌ಬುಕ್, ಅಂದರೆ ಲೆಕ್ಕದ ಪುಸ್ತಕ. ಈ ಲೇಖನ ಅದರ ಬಗ್ಗೆ. ಮೊದಲು ಸ್ವಲ್ಪ ಇತಿಹಾಸ, ಆಮೇಲೆ ನಾವೇ ಕೂತು ಮಾಡಬಹುದಾದ ಒಂದು ಲೆಕ್ಕ.

ಮೇಷ್ಟ್ರು ಹೊಲಕ್ಕೆ ಬಂದಾಗ

1908ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಅನ್ನೋ ಊರಿನಲ್ಲಿ ಒಂದು ಕೃಷಿ ಶಾಲೆ ಶುರುವಾಯಿತು. ಅದರ ಮುಖ್ಯಸ್ಥ ರೂಫಸ್ ಸ್ಟಿಮ್ಸನ್. ಅದಕ್ಕೂ ಮುಂಚೆ ಅವರು ಕನೆಕ್ಟಿಕಟ್ ಕೃಷಿ ಕಾಲೇಜಿನ ಅಧ್ಯಕ್ಷರಾಗಿದ್ದವರು. ಕೃಷಿ ಶಾಲೆ ಅಂದರೆ ಶಾಲೆಯದ್ದೇ ಒಂದು ದೊಡ್ಡ ಹೊಲ ಇರಬೇಕು, ಹುಡುಗರು ಅಲ್ಲಿ ಕೆಲಸ ಮಾಡಬೇಕು ಅನ್ನೋದು ಆಗಿನ ರೂಢಿ. ಸ್ಟಿಮ್ಸನ್‌ಗೆ ಅದರಲ್ಲಿ ಒಂದು ಕೊರತೆ ಕಾಣಿಸಿತು. ಶಾಲೆಯ ಹೊಲದಲ್ಲಿ ಹುಡುಗ ಹೇಳಿದಷ್ಟು ಕೆಲಸ ಮಾಡ್ತಾನೆ, ಗಂಟೆ ಹೊಡೆದರೆ ಹೋಗ್ತಾನೆ. ಏನು ಬಿತ್ತಬೇಕು, ಯಾವಾಗ ಮಾರಬೇಕು ಅನ್ನೋ ತೀರ್ಮಾನ ಅವನದ್ದಲ್ಲ. ಹಾಗಾಗಿ ನಷ್ಟವೂ ಅವನದ್ದಲ್ಲ.

ಅದಕ್ಕೆ ಅವರು ಪದ್ಧತಿಯನ್ನೇ ತಿರುಗಿಸಿದರು. ಹುಡುಗ ತನ್ನ ಮನೆಯ ಹೊಲದಲ್ಲೇ ಒಂದು ಪ್ರಾಜೆಕ್ಟ್ ಮಾಡಬೇಕು: ಸ್ವಲ್ಪ ತರಕಾರಿ, ಇಲ್ಲಾಂದ್ರೆ ಕೋಳಿ, ಇಲ್ಲಾಂದ್ರೆ ಹಸು. ಅದರ ಪಾಠ ಶಾಲೆಯಲ್ಲಿ. ಹೊಲಕ್ಕೆ ಮೇಷ್ಟ್ರೇ ಬಂದು ನೋಡ್ತಾರೆ. ಖರ್ಚು, ಆದಾಯ ಹುಡುಗನೇ ಬರೆದಿಡಬೇಕು. ಇದಕ್ಕೆ 'ಮನೆ ಪ್ರಾಜೆಕ್ಟ್' ಅಂತ ಹೆಸರಾಯಿತು.

1917ರಲ್ಲಿ ಅಮೆರಿಕದಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ಬಂದಾಗ ಈ ಆಲೋಚನೆ ಕಾನೂನಿನೊಳಗೇ ಸೇರಿತು. ಕೃಷಿ ಓದುವ ವಿದ್ಯಾರ್ಥಿ ವರ್ಷಕ್ಕೆ ಕನಿಷ್ಠ 6 ತಿಂಗಳು, ಶಾಲೆ ಕೊಟ್ಟ ಹೊಲದಲ್ಲೋ ಬೇರೆ ಹೊಲದಲ್ಲೋ, ಮೇಷ್ಟ್ರ ಉಸ್ತುವಾರಿಯಲ್ಲಿ ಬೇಸಾಯ ಮಾಡಲೇಬೇಕು ಅಂತ ಅದರಲ್ಲಿ ಬರೆದರು. ಆ 6 ತಿಂಗಳನ್ನ ಗಮನಿಸಿ. ಬೆಳೆಗೆ ಸೆಮಿಸ್ಟರ್ ಗೊತ್ತಿಲ್ಲ, ರಜೆಯೂ ಗೊತ್ತಿಲ್ಲ. ಬಿತ್ತನೆಯಿಂದ ಕೊಯ್ಲಿನವರೆಗೆ ಒಬ್ಬನೇ ಹುಡುಗ ಒಂದೇ ಬೆಳೆಯ ಜೊತೆ ಇರಬೇಕು ಅನ್ನೋದು ಇದರ ಅರ್ಥ. ನಮ್ಮ ಟೊಮೇಟೊ ಸತ್ತದ್ದು ಇಲ್ಲೇ. ಅದಕ್ಕೆ ನೀರು ಕಡಿಮೆಯಾಗುವ ಮೊದಲೇ ಕ್ಯಾಲೆಂಡರ್ ಕೈಕೊಟ್ಟಿತ್ತು.

ಗಂಟೆಗೆ 10 ಸೆಂಟ್

ಅದೇ ಕಾಲದಲ್ಲಿ ಅಮೆರಿಕದ ಹಳ್ಳಿಗಳಲ್ಲಿ 'ಕಾರ್ನ್ ಕ್ಲಬ್' ಅನ್ನೋ ಮೆಕ್ಕೆಜೋಳದ ಸಂಘಗಳು ಹಬ್ಬಿದವು. 1902ರಲ್ಲಿ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಅನ್ನೋ ಶಾಲಾ ಅಧಿಕಾರಿ ಶುರು ಮಾಡಿದ ಮಕ್ಕಳ ಸಂಘದಿಂದ ಮುಂದೆ 4-ಎಚ್ ಚಳವಳಿ ಬೆಳೆಯಿತು. ದಕ್ಷಿಣದ ರಾಜ್ಯಗಳಲ್ಲಿ ಕೃಷಿ ಇಲಾಖೆಯೇ ಮುಂದೆ ನಿಂತು ಹುಡುಗರಿಗೆ ತಲಾ ಒಂದು ಎಕರೆ ಮೆಕ್ಕೆಜೋಳದ ಸ್ಪರ್ಧೆ ಇಟ್ಟಿತು. 1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಜೆರ್ರಿ ಮೂರ್ ಅನ್ನೋ ಹುಡುಗ ಒಂದು ಎಕರೆಯಲ್ಲಿ 228 ಬುಷೆಲ್‌ಗೂ ಹೆಚ್ಚು ಬೆಳೆದ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 58 ಕ್ವಿಂಟಾಲ್. ಆಗ ಆ ದೇಶದ ಸರಾಸರಿ ಇಳುವರಿ ಎಕರೆಗೆ 30 ಬುಷೆಲ್ ಕೂಡ ಇರಲಿಲ್ಲ. ಅಪ್ಪಂದಿರು ಬೇಲಿಯಾಚೆ ನಿಂತು ಮಗನ ಹೊಲ ನೋಡುವ ಹಾಗಾಯಿತು.

ನನಗೆ ಇಳುವರಿಗಿಂತ ಹೆಚ್ಚು ಹಿಡಿಸಿದ್ದು ಆ ಸ್ಪರ್ಧೆಯ ನಿಯಮ. 100 ಅಂಕದಲ್ಲಿ ಇಳುವರಿಗೆ 30 ಮಾತ್ರ. ಹಾಕಿದ ದುಡ್ಡಿಗೆ ಎಷ್ಟು ಲಾಭ ತೋರಿಸಿದ ಅನ್ನೋದಕ್ಕೆ ಇನ್ನೊಂದು 30. ಒಳ್ಳೆಯ ಹತ್ತು ತೆನೆ ಆರಿಸಿ ತಂದು ಇಡೋದಕ್ಕೆ 20. ಬೆಳೆಯ ಕಥೆಯನ್ನ ತಾನೇ ಬರೆಯೋದಕ್ಕೆ 20. ಅಂದರೆ ಅರ್ಧ ಮಾರ್ಕ್ಸು ಪೆನ್ನಿನ ಕೆಲಸಕ್ಕೆ!

ಲಾಭದ ಲೆಕ್ಕಕ್ಕೂ ಕಟ್ಟುನಿಟ್ಟು ಇತ್ತು. ಜಮೀನು ಅಪ್ಪನದ್ದೇ ಆಗಿದ್ದರೂ ಎಕರೆಗೆ 5 ಡಾಲರ್ ಗುತ್ತಿಗೆ ಅಂತ ಬರೆಯಬೇಕು. ಮನೆಯ ಕುದುರೆಯೇ ಆದರೂ ಗಂಟೆಗೆ 5 ಸೆಂಟ್. ಹುಡುಗನ ಸ್ವಂತ ದುಡಿಮೆಗೆ ಗಂಟೆಗೆ 10 ಸೆಂಟ್. ಮನೆಯ ಕೊಟ್ಟಿಗೆ ಗೊಬ್ಬರಕ್ಕೂ ಗಾಡಿಗೆ ಇಷ್ಟು ಅಂತ ಬೆಲೆ ಕಟ್ಟಬೇಕು. 'ನಮ್ಮದೇ ಅಲ್ವಾ' ಅನ್ನೋ ಮಾತಿಗೆ ಆ ಪುಸ್ತಕದಲ್ಲಿ ಜಾಗ ಇರಲಿಲ್ಲ.

ಹುಡುಗಿಯರ ಕಥೆ ಇನ್ನೂ ಸ್ವಾರಸ್ಯದ್ದು. 1910ರಲ್ಲಿ ಅದೇ ದಕ್ಷಿಣ ಕ್ಯಾರೊಲೈನಾದ ಏಕೆನ್ ಕೌಂಟಿಯಲ್ಲಿ ಮೇರಿ ಕ್ರೋಮರ್ ಅನ್ನೋ ಹಳ್ಳಿ ಶಾಲೆಯ ಟೀಚರ್ ಹುಡುಗಿಯರಿಗೆ ಟೊಮೇಟೊ ಸಂಘ ಶುರು ಮಾಡಿದರು. ಒಬ್ಬೊಬ್ಬಳಿಗೆ ಎಕರೆಯ ಹತ್ತನೇ ಒಂದು ಭಾಗ, ಅಂದರೆ ನಮ್ಮ ಲೆಕ್ಕದಲ್ಲಿ 4 ಗುಂಟೆ. ಬೆಳೆದದ್ದನ್ನ ಡಬ್ಬಿಯಲ್ಲಿ ತುಂಬಿ, ಕೆಡದ ಹಾಗೆ ಮುಚ್ಚಿ ಮಾರೋದು. ಟೊಮೇಟೊ ಎಲ್ಲರ ಹೊಲದಲ್ಲೂ ಒಟ್ಟಿಗೇ ಹಣ್ಣಾಗಿ ಬೆಲೆ ಬಿದ್ದುಹೋಗುತ್ತದೆ ಅನ್ನೋದು ಕೋಲಾರದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಡಬ್ಬಿಗೆ ಹಾಕಿದರೆ ಇವತ್ತೇ ಮಾರಬೇಕು ಅನ್ನೋ ಅವಸರ ಇಲ್ಲ. ಉದ್ಯಮಶೀಲತೆ ಅನ್ನೋ ದೊಡ್ಡ ಪದದ ಸಾರ ಇಷ್ಟೇ: ಮಾರುವ ಹೊತ್ತನ್ನ ನಾವು ಆರಿಸಿಕೊಳ್ಳುವ ಹಾಗಾಗೋದು.

ಒಂದು ಲೆಕ್ಕ ಹಾಕೋಣ

ಇಷ್ಟು ಸಾಕು, ನಮ್ಮೂರಿಗೆ ಬರೋಣ. ಒಬ್ಬ ಹೈಸ್ಕೂಲ್ ವಿದ್ಯಾರ್ಥಿ ಅರ್ಧ ಗುಂಟೆಯಲ್ಲಿ, ಅಂದರೆ ಸುಮಾರು 50 ಚದರ ಮೀಟರ್‌ನಲ್ಲಿ, ಮೆಂತ್ಯ ಸೊಪ್ಪು ಹಾಕಿದ ಅಂದುಕೊಳ್ಳಿ. ಬೆಳೆ ಸುಮಾರು ಒಂದು ತಿಂಗಳದ್ದು. ಕೆಳಗಿನ ಬೆಲೆಗಳೆಲ್ಲ ಲೆಕ್ಕ ಕಲಿಯೋದಕ್ಕೆ ನಾನು ಇಟ್ಟುಕೊಂಡ ಊಹೆ. ನಿಮ್ಮೂರಿನ ಬೆಲೆ ಹಾಕಿ ನೀವೇ ಬದಲಾಯಿಸಿಕೊಳ್ಳಿ.

ಕೈಯಿಂದ ಕೊಟ್ಟ ದುಡ್ಡು:
- ಬೀಜ: 60 ರೂ.
- ಗೊಬ್ಬರ: 200 ರೂ.
- ಕಟ್ಟು ಕಟ್ಟಲು ಬಾಳೆ ನಾರು: 20 ರೂ.
- ಸಂತೆಗೆ ಹೋಗಿಬರುವ ಬಸ್ಸು, ಲಗೇಜು: 100 ರೂ.
- ಒಟ್ಟು: 380 ರೂ.

ದುಡಿದ ಗಂಟೆ:
- ಅಗೆದು ಮಡಿ ಮಾಡೋದು: 8
- ಬಿತ್ತನೆ: 2
- ತಿಂಗಳು ಪೂರ್ತಿ ನೀರು, ಕಳೆ: 10
- ಕಿತ್ತು, ತೊಳೆದು, ಕಟ್ಟು ಕಟ್ಟೋದು: 8
- ಸಂತೆಯಲ್ಲಿ ಕೂತು ಮಾರೋದು: 4
- ಒಟ್ಟು: 32 ಗಂಟೆ

250 ಕಟ್ಟು ಸೊಪ್ಪು ಬಂತು. ಅದರಲ್ಲಿ 200 ಕಟ್ಟು 8 ರೂಪಾಯಿಗೆ ಹೋಯಿತು. ಸಂಜೆ ಬಾಡಿದ ಮೇಲೆ ಉಳಿದ 50 ಕಟ್ಟನ್ನ 3 ರೂಪಾಯಿಯ ಹಾಗೆ ಕೊಟ್ಟು ಎದ್ದ. ಒಟ್ಟು ಬಂದದ್ದು 1,600 ಮತ್ತು 150, ಅಂದರೆ 1,750 ರೂಪಾಯಿ.

ಮೊದಲನೇ ಲೆಕ್ಕ: 1,750ರಲ್ಲಿ 380 ಕಳೆದರೆ 1,370. ಸೂಪರ್ ಲಾಭ! 380 ಹಾಕಿ 1,370 ತೆಗೆದ. ಶಾಲೆಯ ವಾರ್ಷಿಕ ವರದಿಗೆ, ಪೇಪರ್‌ನವರಿಗೆ ಸಿಗೋದು ಸಾಮಾನ್ಯವಾಗಿ ಇದೇ ಲೆಕ್ಕ.

ಎರಡನೇ ಲೆಕ್ಕ: ಕಾರ್ನ್ ಕ್ಲಬ್ ನಿಯಮ ಹಾಕೋಣ. ದುಡಿಮೆಗೆ ಗಂಟೆಗೆ 50 ರೂಪಾಯಿ ಇಟ್ಟರೆ 32 ಗಂಟೆಗೆ 1,600. ಅರ್ಧ ಗುಂಟೆಗೆ ಒಂದು ತಿಂಗಳ ಗುತ್ತಿಗೆ 20 ಅಂದುಕೊಳ್ಳೋಣ. ಈಗ ಒಟ್ಟು ವೆಚ್ಚ 2,000. ಬಂದದ್ದು 1,750. ನಷ್ಟ 250 ರೂಪಾಯಿ.

ಅದೇ ಸೊಪ್ಪು, ಅದೇ ಸಂತೆ. ಒಂದು ಪುಟದಲ್ಲಿ 1,370 ಲಾಭ, ಮುಂದಿನ ಪುಟದಲ್ಲಿ 250 ನಷ್ಟ. ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಬಹುದು: ಖರ್ಚು, ಗುತ್ತಿಗೆ ಕಳೆದು ಉಳಿದ 1,350ನ್ನ 32 ಗಂಟೆಗೆ ಭಾಗಿಸಿದರೆ ಆ ಹುಡುಗನಿಗೆ ಸಿಕ್ಕಿದ್ದು ಗಂಟೆಗೆ 42 ರೂಪಾಯಿ. ಲಾಭ-ನಷ್ಟಕ್ಕಿಂತ ಈ ಸಂಖ್ಯೆ ಹೆಚ್ಚು ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಇದನ್ನ ಬೇರೆ ಕೆಲಸದ ಜೊತೆ ಹೋಲಿಸಿ ನೋಡಬಹುದು.

ಮೂರನೇ ಲೆಕ್ಕ: ಮುಂದಿನ ಬೆಳೆಗೆ ಹುಡುಗ ಏನು ಬದಲಾಯಿಸಬೇಕು? ನಮ್ಮಂಥವರನ್ನ ಕೇಳಿದರೆ ತಕ್ಷಣ ಆರ್ಡುಯಿನೊ ತೆಗೆಯುತ್ತೇವೆ. ಮಣ್ಣಿನ ತೇವದ ಸೆನ್ಸರ್, ರಿಲೇ, ಸಣ್ಣ ಪಂಪು, ಮೊಬೈಲಿಗೆ ಮೆಸೇಜು. ಇದಕ್ಕೆ 1,500 ರೂಪಾಯಿ ಅಂದುಕೊಳ್ಳಿ. ನೀರು-ಕಳೆಯ 10 ಗಂಟೆಯಲ್ಲಿ ನೀರಿನದ್ದು 6 ಅಂತ ಇಟ್ಟು, ಆ ಆರನ್ನೂ ಉಳಿಸಿತು ಅಂದರೂ ಬೆಳೆಗೆ 300 ರೂಪಾಯಿ ಉಳಿತಾಯ. ಹಾಕಿದ ದುಡ್ಡು ವಾಪಸ್ ಬರೋದಕ್ಕೆ ಐದು ಬೆಳೆ ಬೇಕು, ಅಲ್ಲಿವರೆಗೆ ಸೆನ್ಸರ್‌ಗೆ ತುಕ್ಕು ಹಿಡಿಯದೇ ಇದ್ದರೆ.

ಇನ್ನೊಂದು ದಾರಿ ನೋಡಿ. ಬಿತ್ತಿದ ದಿನವೇ ಹುಡುಗ ಅಕ್ಕಪಕ್ಕದ ಬೀದಿಯಲ್ಲಿ, ಮೇಷ್ಟ್ರುಗಳ ಹತ್ತಿರ, ಹತ್ತಿರದ ಒಂದು ಹಾಸ್ಟೆಲ್ ಅಡುಗೆಮನೆಯಲ್ಲಿ ಆರ್ಡರ್ ಬರೆದುಕೊಳ್ತಾನೆ. ಕಿತ್ತ ದಿನವೇ ಒಂದು ಗಂಟೆಯಲ್ಲಿ ಸೈಕಲ್ ಮೇಲೆ ಕೊಟ್ಟು ಬರ್ತಾನೆ. ಬಸ್ಸಿನ 100 ರೂಪಾಯಿ ಉಳಿಯಿತು. ಮಾರುವ ಸಮಯ 4 ಗಂಟೆಯಿಂದ 1ಕ್ಕೆ ಇಳಿಯಿತು. ಬಾಡೋದು ಇಲ್ಲ, 250 ಕಟ್ಟೂ 8 ರೂಪಾಯಿಗೆ ಹೋಗಿ 2,000 ಬಂತು. ವೆಚ್ಚ: 280, ಗುತ್ತಿಗೆ 20, 29 ಗಂಟೆಗೆ 1,450. ಒಟ್ಟು 1,750. ಲಾಭ 250. ಗಂಟೆಗೆ ಸಿಕ್ಕಿದ್ದು ಸುಮಾರು 59 ರೂಪಾಯಿ.

250 ನಷ್ಟ ಇದ್ದದ್ದು 250 ಲಾಭವಾಯಿತು. ಒಂದು ಕಟ್ಟು ಸೊಪ್ಪೂ ಹೆಚ್ಚಿಗೆ ಬೆಳೆಯಲಿಲ್ಲ, ಹತ್ತು ರೂಪಾಯಿಯ ಉಪಕರಣವನ್ನೂ ಕೊಳ್ಳಲಿಲ್ಲ. ಹಾಗಂತ ಸೆನ್ಸರ್ ಬೇಡ ಅಂತ ಅಲ್ಲ. ಯಾವ ಕೆಲಸ ಎಷ್ಟು ಗಂಟೆ ತಿನ್ನುತ್ತಿದೆ ಅಂತ ಪುಸ್ತಕ ನೋಡಿ ಆಮೇಲೆ ಯಂತ್ರ ಮಾಡಬೇಕು. ಈ ಪುಸ್ತಕ ನೋಡಿದರೆ ಮಡಿ ಮಾಡೋದಕ್ಕೆ 8 ಗಂಟೆ, ಕಟ್ಟು ಕಟ್ಟೋದಕ್ಕೆ 8 ಗಂಟೆ. ಪ್ರತಿ ವರ್ಷ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ 'ಸ್ಮಾರ್ಟ್ ಇರಿಗೇಷನ್' ಎಷ್ಟು ಇರ್ತಾವೆ? ಸೊಪ್ಪಿನ ಕಟ್ಟು ಕಟ್ಟುವ ಸಾಧನ ಯಾರಾದರೂ ಮಾಡಿದ್ದು ನೋಡಿದ್ದೀರಾ?

ಅಮ್ಮನ ಗಂಟೆ

ಈ ಲೆಕ್ಕವನ್ನ ಕಲಿತ ಮೇಲೆ ಕಳೆದ ರಜೆಯಲ್ಲಿ ನಮ್ಮ ಮನೆಯ ರಾಗಿಗೆ ಹಾಕೋಕೆ ಕೂತೆ. ಅಪ್ಪನಿಗೆ ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ, ಕೂಲಿ ಆಳಿನ ದುಡ್ಡು ಎಲ್ಲ ಬಾಯಲ್ಲೇ ಇತ್ತು. ಒಂದೂ ತಪ್ಪಲಿಲ್ಲ. ಆಮೇಲೆ, "ಅಪ್ಪ, ನೀನು ಎಷ್ಟು ದಿನ ಕೆಲಸ ಮಾಡ್ದೆ?" ಅಂದೆ. ನಕ್ಕರು. "ಅದನ್ನೆಲ್ಲ ಲೆಕ್ಕ ಹಾಕಿದ್ರೆ ಯಾರೂ ಬೇಸಾಯ ಮಾಡಕಾಗಲ್ಲ ಕಣೋ. ಅದಕ್ಕೇ ತಾನೇ ನಿನ್ನ ಇಂಜಿನಿಯರಿಂಗ್‌ಗೆ ಹಾಕಿರೋದು?"

ಅಮ್ಮನನ್ನ ಕೇಳಿದಾಗ ನಗಲಿಲ್ಲ. ಕಳೆ ಕಿತ್ತದ್ದು, ಆಳುಗಳಿಗೆ ಬುತ್ತಿ ಹೊತ್ತದ್ದು, ಕಣದಲ್ಲಿ ತೂರಿದ್ದು ಎಷ್ಟು ದಿನ ಅಂತ ನಾನು ಬರೆದುಕೊಳ್ಳುತ್ತಾ ಇದ್ದೆ. "ನಂದೂ ಲೆಕ್ಕ ಹಾಕ್ತೀಯೇನೋ? ನಾನೇನು ಕೂಲಿಗೆ ಬಂದೋಳಾ?" ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯವರ ದುಡಿಮೆಗೆ ಬೆಲೆ ಕಟ್ಟೋದು ಅಂದರೆ ಅವರನ್ನ ಕೂಲಿಯವರನ್ನಾಗಿ ಮಾಡೋದು ಅಂತ ಅವರಿಗೆ ಅನ್ನಿಸಿತು. ಆದರೆ ಹಳ್ಳಿಗೆ ದುಡಿಮೆಯ ಲೆಕ್ಕ ಹೊಸದಲ್ಲ. ಮುಯ್ಯಾಳು ಪದ್ಧತಿಯಲ್ಲಿ ಇವತ್ತು ನಮ್ಮ ಮನೆಯಿಂದ ಇಬ್ಬರು ನಿಮ್ಮ ಹೊಲಕ್ಕೆ ಬಂದರೆ ನಾಳೆ ನಿಮ್ಮ ಮನೆಯಿಂದ ಇಬ್ಬರು ನಮ್ಮ ಹೊಲಕ್ಕೆ ಬರಬೇಕು. ಯಾರ ಮನೆಗೆ ಎಷ್ಟು ಆಳು ಬಾಕಿ ಅಂತ ಇದೇ ಅಮ್ಮನಿಗೆ ನೆನಪಿರುತ್ತೆ. ಬೇರೆಯವರ ಹೊಲದಲ್ಲಿ ಲೆಕ್ಕಕ್ಕೆ ಬರುವ ದುಡಿಮೆ ಸ್ವಂತ ಹೊಲದಲ್ಲಿ ಲೆಕ್ಕಕ್ಕೆ ಬರಲ್ಲ, ಅಷ್ಟೇ.

ಇದು ಬರೀ ನಮ್ಮ ಮನೆಯ ಮಾತೂ ಅಲ್ಲ. ಕೇಂದ್ರ ಸರ್ಕಾರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬೆಂಬಲ ಬೆಲೆಗೆ ಶಿಫಾರಸು ಮಾಡುವಾಗ ವೆಚ್ಚವನ್ನ ಬೇರೆ ಬೇರೆ ಹಂತದಲ್ಲಿ ನೋಡುತ್ತೆ. ರೈತ ನಗದಿನಲ್ಲೋ ಧಾನ್ಯದಲ್ಲೋ ನಿಜವಾಗಿ ಕೊಟ್ಟ ಖರ್ಚು 'ಎ2'. ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ 'ಎ2 ಜೊತೆಗೆ ಎಫ್‌ಎಲ್'. ಸ್ವಂತ ಜಮೀನಿನ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ 'ಸಿ2'. 2018-19ರಿಂದ ಬೆಂಬಲ ಬೆಲೆ ಎರಡನೆಯದರ ಒಂದೂವರೆ ಪಟ್ಟು ಇರಬೇಕು ಅನ್ನೋ ನಿಯಮ ಹಿಡಿದಿದ್ದಾರೆ. 2024-25ಕ್ಕೆ ರಾಗಿಯ ವೆಚ್ಚ ಕ್ವಿಂಟಾಲಿಗೆ 2,860 ರೂಪಾಯಿ ಅಂತ ಹಿಡಿದು 4,290 ರೂಪಾಯಿ ಬೆಂಬಲ ಬೆಲೆ ಕೊಟ್ಟರು. ಒಂದೂವರೆ ಪಟ್ಟನ್ನ ಸಿ2 ಮೇಲೆ ಕೊಡಿ ಅನ್ನೋದು ರೈತ ಸಂಘಟನೆಗಳ ಬೇಡಿಕೆ. ಟಿವಿಯಲ್ಲಿ ಇದನ್ನ ನೋಡಿದಾಗ ನನಗೆ ಏನೂ ಅರ್ಥ ಆಗುತ್ತಿರಲಿಲ್ಲ. ಈಗ ನೋಡಿ, ಅರ್ಧ ಗುಂಟೆ ಮೆಂತ್ಯದಲ್ಲಿ ನಾವು ಹಾಕಿದ 380 ರೂಪಾಯಿ ಎ2, 1,600 ಎಫ್‌ಎಲ್, ಆ 20 ರೂಪಾಯಿ ಗುತ್ತಿಗೆ ಸಿ2 ಕಡೆಯದ್ದು. ದೇಶದ ಮಟ್ಟದ ಜಗಳ 14 ವರ್ಷದ ಹುಡುಗನ ನೋಟ್‌ಬುಕ್ಕಿನಲ್ಲೇ ಇದೆ.

ವಾರ್ಧಾ ಮತ್ತು ಪಾಬಳ

ನಮ್ಮ ದೇಶದಲ್ಲಿ ಕೈಕೆಲಸದ ಮೂಲಕ ಓದು ಅಂದಾಗ ಮೊದಲು ನೆನಪಾಗೋದು ಗಾಂಧೀಜಿಯ ನಯೀ ತಾಲೀಮ್. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಸಮ್ಮೇಳನ ನಡೆಯಿತು. ಪಠ್ಯಕ್ರಮ ರೂಪಿಸಲು ಜಾಕಿರ್ ಹುಸೇನ್ ನೇತೃತ್ವದಲ್ಲಿ ಸಮಿತಿ ಆಯಿತು. ನೂಲುವುದು, ಬೇಸಾಯದಂಥ ಕಸುಬೇ ಪಾಠದ ಕೇಂದ್ರ, ಅದರ ಉತ್ಪನ್ನದಿಂದಲೇ ಶಾಲೆಯ ಖರ್ಚಿನ ಒಂದು ಪಾಲು ಬರಬೇಕು ಅನ್ನೋದು ಗಾಂಧೀಜಿಯ ಆಸೆ. ಆ ಸಮಿತಿ ತನ್ನ ವರದಿಯಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಆದಾಯದ ಕಡೆಗೇ ಗಮನ ಹೋಗಿ, ಮಗುವಿನ ಕಲಿಕೆ ಹಿಂದೆ ಬೀಳುವ ಅಪಾಯ ಇದೆ ಅಂತ. ಶಾಲೆಗೆ ದುಡ್ಡು ಬೇಕು ಅಂತ ಮಗು ದುಡಿದರೆ ಅದಕ್ಕೆ ಬೇರೆ ಹೆಸರಿದೆ.

ಇಂಜಿನಿಯರಿಂಗ್ ಓದುವ ನಾವು ಹೆಚ್ಚು ತಿಳಿಯಬೇಕಾದದ್ದು ಪಾಬಳದ ಕಥೆ. ಪುಣೆ ಜಿಲ್ಲೆಯ, ಮಳೆ ಕಡಿಮೆ ಇರುವ ಹಳ್ಳಿ ಅದು. ಹಿಂದುಸ್ತಾನ್ ಲಿವರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದ ವಿಜ್ಞಾನಿ ಡಾ. ಶ್ರೀನಾಥ ಕಲಬಾಗ್ ಕೆಲಸ ಬಿಟ್ಟು 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಹೈಸ್ಕೂಲ್ ಮಕ್ಕಳಿಗೆ ವಾರದಲ್ಲಿ ಒಂದು ದಿನ ಪೂರ್ತಿ ಕೈಕೆಲಸ. ಒಂದೇ ಕಸುಬಲ್ಲ, ನಾಲ್ಕು ವಿಭಾಗ: ಇಂಜಿನಿಯರಿಂಗ್, ಶಕ್ತಿ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಮನೆ ಮತ್ತು ಆರೋಗ್ಯ. ವೆಲ್ಡಿಂಗ್ ಮಾಡುವ ಹುಡುಗಿಯೇ ಸಸಿಮಡಿ ಮಾಡ್ತಾಳೆ, ವೈರಿಂಗ್ ಕಲಿತ ಹುಡುಗನೇ ಅಡುಗೆ ಮಾಡ್ತಾನೆ. ಮಹಾರಾಷ್ಟ್ರದ ಪ್ರೌಢ ಶಿಕ್ಷಣ ಮಂಡಳಿ ಇದನ್ನ ಪಠ್ಯದೊಳಗೆ ಒಪ್ಪಿಕೊಂಡಿತು. ಅಮೆರಿಕದ ಎಂಐಟಿ ತನ್ನ ಕ್ಯಾಂಪಸ್ಸಿನ ಹೊರಗೆ ಶುರು ಮಾಡಿದ ಮೊಟ್ಟಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು 2002ರಲ್ಲಿ ಬಂದದ್ದು ಇದೇ ಹಳ್ಳಿಗೆ.

ಪಾಬಳದ ಮುಖ್ಯ ಪಾಠ ಮಕ್ಕಳು ಊರಿಗೆ ಸೇವೆ ಕೊಡೋದು. ಮಣ್ಣು ಪರೀಕ್ಷೆ, ಉಪಕರಣದ ರಿಪೇರಿ, ಸಸಿ ಬೆಳೆಸಿ ಕೊಡೋದು, ಇಂಥ ಕೆಲಸವನ್ನ ನಿಜವಾದ ಗಿರಾಕಿಗೆ ಮಾಡಿಕೊಡಬೇಕು. ಕೆಟ್ಟದಾಗಿ ವೆಲ್ಡ್ ಮಾಡಿದರೆ ಎಕ್ಸಾಮಿನರ್ ಬೈಯಲ್ಲ, ಗೇಟು ಕೊಂಡವರು ಬೈತಾರೆ. ಜಮೀನಿಲ್ಲದ ಮನೆಯ ಮಕ್ಕಳಿಗೂ ಇದರಲ್ಲಿ ಜಾಗ ಇದೆ. ಸ್ಟಿಮ್ಸನ್ ಪದ್ಧತಿಯ ದೊಡ್ಡ ತೊಡಕು ಅದೇ ಅಲ್ವಾ? ಮನೆಯಲ್ಲಿ ಹೊಲ ಇದ್ದವನಿಗೆ ಮಾತ್ರ ಮನೆ ಪ್ರಾಜೆಕ್ಟ್ ಸಲೀಸು.

ಎಡವುವ ಜಾಗಗಳು

ಯಾವುದಾದರೂ ಶಾಲೆಯಲ್ಲಿ ಇಂಥದ್ದನ್ನ ಶುರು ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು.

ಒಂದು, ಬೆಳೆ ಯಾವ ತಿಂಗಳಲ್ಲಿ ಮುಗಿಯುತ್ತೆ? ಶಾಲೆ ತೆರೆಯೋದು ಜೂನಿಗೆ ಹತ್ತಿರ, ಮುಂಗಾರಿನ ಜೊತೆಗೇ. ಒಂದು ತಿಂಗಳ ಸೊಪ್ಪಿನಿಂದ ಶುರು ಮಾಡಿ, ಹುರುಳಿಕಾಯಿ, ಮೂಲಂಗಿ ಅಂತ ಹೋದರೆ ಮಾರ್ಚಿನೊಳಗೆ ನಾಲ್ಕೈದು ಬೆಳೆ ತೆಗೆಯಬಹುದು. ಮೊದಲ ಬೆಳೆಯಲ್ಲಿ ಆದ ತಪ್ಪನ್ನ ಎರಡನೆಯದರಲ್ಲಿ ತಿದ್ದಿಕೊಳ್ಳೋಕೆ ಅವಕಾಶ ಸಿಗುತ್ತೆ. ವರ್ಷಕ್ಕೊಂದೇ ಬೆಳೆ ಅಂದರೆ ಲ್ಯಾಬಿನಲ್ಲಿ ಒಂದೇ ರೀಡಿಂಗ್ ತೆಗೆದು ಗ್ರಾಫ್ ಎಳೆದ ಹಾಗೆ.

ಎರಡು, ಲಾಭ ಯಾರದ್ದು, ನಷ್ಟ ಯಾರದ್ದು? ಲಾಭ ಮಗುವಿನ ಕೈಗೆ ಅಥವಾ ಅವರ ಗುಂಪಿನ ಡಬ್ಬಿಗೆ ಹೋಗಬೇಕು. ಶಾಲೆಯ ಬಿಸಿಯೂಟಕ್ಕೆ ಸೊಪ್ಪು ಕೊಟ್ಟರೂ ಒಂದು ಬೆಲೆ ಬರೆದು ಕೊಡಬೇಕು. ನಷ್ಟವಾದರೆ ಮನೆಯಿಂದ ದುಡ್ಡು ತರಿಸುವ ಹಾಗಿರಬಾರದು, ಆದರೆ ನಷ್ಟವನ್ನ ಮುಚ್ಚಿಡಲೂಬಾರದು. ಯಾಕಾಯಿತು ಅಂತ ಚೆನ್ನಾಗಿ ಬರೆದ ನಷ್ಟಕ್ಕೆ ಪೂರ್ತಿ ಮಾರ್ಕ್ಸ್ ಕೊಡಬೇಕು.

ಮೂರು, ಯಾವ ಕೆಲಸ ಯಾರಿಗೆ? ಹೋಂವರ್ಕ್ ಮಾಡದವರಿಗೆ ಶಿಕ್ಷೆಯಾಗಿ ಕಳೆ ಕೀಳಿಸುವ ಶಾಲೆ ಬೇಸಾಯವನ್ನ ಕಲಿಸುತ್ತಿಲ್ಲ, ಬೇಸಾಯ ಅಂದರೆ ಶಿಕ್ಷೆ ಅಂತ ಕಲಿಸುತ್ತಿದೆ. ಗೊಬ್ಬರ ಹೊರೋದು ಯಾವಾಗಲೂ ಅದೇ ಕೆಲವು ಮನೆಯ ಮಕ್ಕಳು, ಲೆಕ್ಕ ಬರೆಯೋದು ಯಾವಾಗಲೂ ಇನ್ನು ಕೆಲವು ಮನೆಯ ಮಕ್ಕಳು ಅಂತಾದರೆ ಅದು ಇನ್ನೂ ಕೆಟ್ಟದ್ದು. ಅಮೆರಿಕದಲ್ಲೂ ಇದು ಇತ್ತು. 1928ರಲ್ಲಿ ಶುರುವಾದ ಅಲ್ಲಿನ ಭಾವಿ ರೈತರ ಸಂಘ, ಎಫ್‌ಎಫ್‌ಎ, 1969ರವರೆಗೆ ಹುಡುಗಿಯರನ್ನ ಸೇರಿಸಿಕೊಳ್ಳಲಿಲ್ಲ. ಕಪ್ಪು ಜನರ ಮಕ್ಕಳಿಗೆ 1965ರವರೆಗೆ ಬೇರೆಯೇ ಸಂಘ ಇತ್ತು. ನಮ್ಮಲ್ಲಿ ಸರದಿ ಚೀಟಿ ಗೋಡೆಗೆ ಅಂಟಿಸಿ, ಪ್ರತಿ ವಾರ ಕೆಲಸ ಬದಲಾಯಿಸೋದು ಮೊದಲ ನಿಯಮ ಆಗಬೇಕು.

ನಾಲ್ಕು, ಮೇಷ್ಟ್ರಿಗೆ ಸಮಯ ಎಲ್ಲಿದೆ? ಒಬ್ಬರೇ ಮೂರು ವಿಷಯ ನೋಡುವ ಶಾಲೆಯಲ್ಲಿ ಹೊಲ ಸುತ್ತುವ ಕೆಲಸವನ್ನೂ ಅವರ ಮೇಲೆ ಹಾಕಿದರೆ ಮತ್ತೆ ಫೋಟೊ ತೆಗೆಯೋದರಲ್ಲೇ ಮುಗಿಯುತ್ತೆ. ಊರಿನ ಒಬ್ಬ ಒಳ್ಳೆಯ ರೈತನನ್ನೋ ರೈತ ಮಹಿಳೆಯನ್ನೋ ಸಂಬಳ ಕೊಟ್ಟು ವಾರಕ್ಕೊಂದು ದಿನ ಕರೆಸಬೇಕು. ಓದು ಬರಹ ಕಡಿಮೆ ಇದ್ದರೂ ಪರವಾಗಿಲ್ಲ, ಬರೆಯೋಕೆ ಮಕ್ಕಳಿದ್ದಾರಲ್ಲ.

ನಾವೇನು ಮಾಡಬಹುದು?

ಇಲ್ಲಿವರೆಗೆ ಓದಿದ ನಿಮಗೆ ಒಂದು ಅಸೈನ್‌ಮೆಂಟ್. ಹೊಲ ಇರುವವರು ಈ ರಜೆಯಲ್ಲಿ ಮನೆಯ ಯಾವುದಾದರೂ ಒಂದೇ ಬೆಳೆ ತೆಗೆದುಕೊಳ್ಳಿ. ಹೊಲ ಇಲ್ಲದವರು ಕಾಲೇಜು ಗೇಟಿನ ಹತ್ತಿರ ಸೊಪ್ಪು ಮಾರುವ ಅಜ್ಜಿಯನ್ನ, ಅವರಿಗೆ ಬಿಡುವಿದ್ದಾಗ, ಅವರು ಒಪ್ಪಿದರೆ ಮಾತಾಡಿಸಿ. ಒಂದು ಪುಟದಲ್ಲಿ ಐದು ಕಾಲಂ ಎಳೆಯಿರಿ: ದಿನಾಂಕ, ಕೆಲಸ, ಯಾರು ಮಾಡಿದ್ದು, ಎಷ್ಟು ಗಂಟೆ, ಎಷ್ಟು ದುಡ್ಡು. ಮೂರನೇ ಮತ್ತು ನಾಲ್ಕನೇ ಕಾಲಂ ಖಾಲಿ ಬಿಡಬೇಡಿ. ಕೊನೆಗೆ ಗಂಟೆಗೆ ಎಷ್ಟು ಸಿಕ್ಕಿತು ಅಂತ ಭಾಗಾಕಾರ ಮಾಡಿ. ಯಾವ ಕೆಲಸ ಅತಿ ಹೆಚ್ಚು ಗಂಟೆ ತಿಂದಿದೆ ನೋಡಿ, ಅದನ್ನ ಯಾರು ಮಾಡ್ತಾ ಇದ್ದಾರೆ ಅಂತಲೂ ನೋಡಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಅಲ್ಲಿ ಸಿಗುತ್ತೆ.

ನಮ್ಮ ರಾಗಿಯ ಲೆಕ್ಕ ಇನ್ನೂ ಮುಗಿದಿಲ್ಲ. ಅಮ್ಮ ಆವತ್ತು ಎದ್ದು ಹೋದವರು, ಎರಡು ದಿನ ಬಿಟ್ಟು ರಾತ್ರಿ ಊಟಕ್ಕೆ ಬಡಿಸುವಾಗ ತಾವಾಗೇ ಶುರು ಮಾಡಿದರು. "ಅವತ್ತು ಬರ್ಕೊಂಡ್ಯಲ್ಲ, ಅದ್ರಲ್ಲಿ ಬಿತ್ತನೆ ಬೀಜ ಕ್ಲೀನ್ ಮಾಡಿದ್ದು ಹಾಕಿಲ್ಲ ನೀನು. ಎರಡು ದಿನ ಹಿಡೀತು." ನಾನು ಎಡಗೈಯಲ್ಲಿ ನೋಟ್‌ಬುಕ್ ಎಳೆದುಕೊಂಡೆ. ಅಪ್ಪ ಏನೂ ಮಾತಾಡಲಿಲ್ಲ, ಆದರೆ ಟಿವಿಯ ಸೌಂಡ್ ಕಡಿಮೆ ಮಾಡಿದರು.